ಎರಡು ಅಲಗಿನ ಹುಟ್ಟು

ತಿಥಿ ಮುಗಿದು, ನೆಂಟರೆಲ್ಲ ಅವರವರ ಊರಿನ ಬಸ್ಸು ಹತ್ತಿದ ಮಾರನೆಯ ಬೆಳಿಗ್ಗೆ ನಯನಾ ಎಂದಿನಂತೆ ಎರಡು ಲೋಟ ಕಾಫಿ ಬೆರೆಸಿದಳು. ಒಂದು ತನಗೆ, ಒಂದು ಅತ್ತೆಗೆ. ಇಂದ್ರೇಶ ಕಾಫಿ ಕುಡಿಯುತ್ತಿರಲಿಲ್ಲ. ಡೆಂಗಿ ಜ್ವರ ಗಂಡನನ್ನೇ ಒಯ್ದಿತ್ತು, ಕಾಫಿಯ ಅಳತೆ ಮಾತ್ರ ಹಾಗೇ ಇತ್ತು. ಅವಳಿಗೆ ಆಗಲೂ ಅಳು ಬಂದಿರಲಿಲ್ಲ, ಈಗಲೂ ಬರಲಿಲ್ಲ. “ಗಟ್ಟಿಗಿತ್ತಿ” ಎಂದು ನೆಂಟರು ಹೊಗಳಿ ಹೋಗಿದ್ದರು.

ಲೋಟ ಹಿಡಿದು ತಾರಸಿಗೆ ಹೋದರೆ, ಅತ್ತೆ ವಿಶಾಲಮ್ಮ ಇಂದ್ರೇಶ ತಂದಿಟ್ಟಿದ್ದ ಹುಟ್ಟುಗೋಲಿನಿಂದ ಹುರುಳಿ ಕೆದಕಿ ಒಣಗಿಸುತ್ತಿದ್ದರು. ಆಳಿಗಿಂತ ಉದ್ದದ ಕೋಲು, ಎರಡು ತುದಿಗೂ ಮರಿಮೊರದಂಥ ಕಿತ್ತಳೆ ಬಣ್ಣದ ಅಲಗು.

“ಅತ್ತೆ, ಅದು ದೋಣಿಗೆ ಹಾಕೋ ಹುಟ್ಟು.”

“ಆಗಿರ್ಲಿ ಬಿಡು. ನಿಂತ ಕಡೆಯಿಂದ್ಲೇ ಮೂಲೆವರ್ಗೂ ಎಟುಕ್ತದೆ. ನನ್ ಮಗ ತಂದ ಸಾಮಾನಲ್ಲಿ ಕೆಲಸಕ್ ಬಂದಿದ್ದು ಇದೊಂದೇ ಕಣೇ.”

“ಅವರದ್ದಲ್ಲ. ಬೇಲೂರಿನ ಉಗ್ರಪ್ಪನವರ ಹತ್ರ ಇಸ್ಕೊಂಡು ಬಂದಿದ್ದು.”

ವಿಶಾಲಮ್ಮನ ಕೈ ನಿಂತಿತು. “ಶಿವನೇ! ಹೋದೋನ ತಲೆ ಮ್ಯಾಲೆ ಇನ್ನೊಬ್ರ ವಸ್ತು ಇರಬಾರ್ದು. ಇವತ್ತೇ ಕೊಟ್ ಬಾ.” ಒಂದು ಗಳಿಗೆ ಯೋಚಿಸಿ, “ತಡಿ, ಈ ಸಾಲೊಂದು ತಿರುವಿಬಿಡ್ತೀನಿ,” ಎಂದರು.

ಆ ಹುಟ್ಟು ಮನೆಗೆ ಬಂದದ್ದೇ ಒಂದು ಜಗಳದಿಂದ. ಇಂದ್ರೇಶ ಭಾನುವಾರವಾದರೆ ಬೇಲೂರಿಗೆ ಹೋಗಿ, ಯಗಚಿ ಹೊಳೆಯ ಹಿನ್ನೀರಿನಲ್ಲಿ ಒಬ್ಬರೇ ಕೂರುವ ಪುಟ್ಟ ದೋಣಿ, ಕಯಾಕ್ ನಡೆಸುತ್ತಿದ್ದ. “ಮೋಟಾರ್ ಬೋಟು ಹೋಗುತ್ತಲ್ಲ, ಅದರ ಹಿಂದೆ ಒಂದು ಅಲೆ ಎದ್ದು ಬರುತ್ತೆ. ಅದನ್ನ ಹತ್ತಿಬಿಟ್ಟರೆ ಹುಟ್ಟು ಹಾಕೋದೇ ಬೇಡ ಕಣೇ. ಹೊಳೇನೇ ಹೊತ್ಕೊಂಡು ಹೋಗುತ್ತೆ!” ಎನ್ನುತ್ತಿದ್ದ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದ ನಯನಾ ಅವನ ಪ್ಯಾಂಟು ಹಿಂಡುತ್ತ, “ಅಲೆ ಮೇಲೆ ಹೋದೋರ ತಲೇಲಿ ಪಾಚಿ ಯಾಕಿರುತ್ತೆ? ಸುಳ್ಳು ಹೇಳೋದಾದ್ರೆ ಒಣಗಿದ ಬಟ್ಟೇಲಿ ಬಂದು ಹೇಳಿ,” ಎಂದಿದ್ದಳು.

ಅವನಿಗೆ ರೋಷ ಬಂತು. ಹುಟ್ಟನ್ನು ಮನೆಗೇ ತಂದು, ತಾರಸಿಯಲ್ಲಿ ಮಣೆಯ ಮೇಲೆ ಕೂತು ಗಾಳಿಯಲ್ಲಿ ಅಭ್ಯಾಸ ಮಾಡಿದ. “ಬರೋ ಭಾನುವಾರ ಬಂದು ನೋಡು,” ಎಂದ. ಆ ಭಾನುವಾರ ಆಸ್ಪತ್ರೆಯಲ್ಲಿ ಕಳೆಯಿತು. ಹೀಗೆ, ಗಂಡನನ್ನು ಸುಳ್ಳುಗಾರ ಎಂದ ಮಾತು, ಹಿಂತೆಗೆದರೂ ಕೇಳುವವರಿಲ್ಲದೆ ಉಳಿದುಬಿಟ್ಟಿತು. ಅವನು ಹೇಳಿದ್ದು ನಿಜವೇ? ಹುಟ್ಟು ಕೈಬಿಡುವ ಮೊದಲು ಅವಳಿಗೆ ಅದೊಂದು ತಿಳಿಯಬೇಕಿತ್ತು.

ಇಸ್ಕೊಂಡ ವಸ್ತುವನ್ನು ಬರಿದಾಗಿ ಹಿಂತಿರುಗಿಸಬಾರದೆಂದು ವಿಶಾಲಮ್ಮ ಹುಟ್ಟಿಗೆ ಒಗೆದ ಪಂಚೆ ಸುತ್ತಿ, ನಡುವಿಗೆ ತೆಂಗಿನಕಾಯಿ ಕಟ್ಟಿದರು. ಬಸ್ಸಿನಲ್ಲಿ ಎಡವಟ್ಟಾದದ್ದು ಅದರಿಂದಲೇ.

“ನಿಮಗೆ ಫ್ರೀ ಅಮ್ಮ. ಇವ್ರಿಗೆ?” ಎಂದ ಕಂಡಕ್ಟರ್. “ಹೆಣ್ಣಾದ್ರೆ ಆಧಾರ್ ತೋರ್ಸಿ, ಗಂಡಾದ್ರೆ ಟಿಕೆಟ್ ತಗಳಿ.”

ಬಸ್ಸೆಲ್ಲ ನಕ್ಕಿತು. ಜಾವಗಲ್‌ನಲ್ಲಿ ಹತ್ತಿದ ಅಜ್ಜಿಯೊಬ್ಬಳು ಮಾತ್ರ ಪಂಚೆಯನ್ನೂ ಕಾಯಿಯನ್ನೂ ನೋಡಿ ಗಾಬರಿಯಿಂದ, “ಯಾವೂರ ದ್ಯಾವ್ರವ್ವ?” ಎಂದಳು. ನಯನಾ ಬಾಯಿ ತೆರೆಯುವ ಮೊದಲೇ ಅಜ್ಜಿ ಹುಟ್ಟನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಹಳೇಬೀಡು ಬರುವ ಹೊತ್ತಿಗೆ ಹುಟ್ಟಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು. ನಯನಾ ನಿಂತಿದ್ದಳು.

ಮೋಟಾರ್ ಬೋಟು ಓಡಿಸುವ ಉಗ್ರಪ್ಪನಿಗೆ ಸುದ್ದಿ ಗೊತ್ತಿತ್ತು. ಕಾಯಿ, ಪಂಚೆ ಬಿಚ್ಚಿಕೊಂಡು, ಟವೆಲಿನಿಂದ ಮೀಸೆಯವರೆಗೂ ಮುಖ ಒರೆಸಿಕೊಂಡ. ನಯನಾ ಹುಟ್ಟನ್ನು ಬಿಗಿಯಾಗಿ ಹಿಡಿದೇ ಕೇಳಿದಳು: “ಅವರು ಅಲೆ ಹತ್ತುತ್ತಿದ್ದದ್ದು ನಿಜಾನಾ?”

“ಹತ್ತೋರು ಕಣಮ್ಮ. ಹತ್ತಿದ ತಕ್ಷಣ ಎರಡು ಕೈಲೂ ಹುಟ್ಟು ಮ್ಯಾಲೆತ್ತಿ ‘ನಯನಾ, ನೋಡೇ!’ ಅಂತ ಕೂಗೋರು. ಬುಳುಕ್! ಮಗುಚ್ಕಳೋರು. ‘ಸಾರ್, ಬಾಯ್ಮುಚ್ಕಂಡು ಕೂತ್ರೆ ದಡ ಮುಟ್ತೀರ’ ಅಂತ ಹೇಳೀ ಹೇಳೀ ನನ್ ಗಂಟ್ಲು ಬಿದ್ದೋಯ್ತು.”

“ನಾನು ಇಲ್ಲಿರಲೇ ಇಲ್ಲವಲ್ಲ.”

“ಅದ್ನೂ ಹೇಳ್ದೆ. ಕೇಳ್ಬೇಕಲ್ಲ ಆ ಮನ್ಸ!”

ನಯನಾ ನೀರನ್ನೇ ನೋಡಿದಳು. “ನಾನೊಂದು ಸಲ ಹತ್ತಿ ನೋಡ್ತೀನಿ.”

“ಈಜು ಬತ್ತದಾ?”

“ಇಲ್ಲ.”

“ಹಂಗಾರೆ ಲೈಫ್ ಜಾಕೆಟ್ ಬಿಗಿಯಾಗಿ ಕಟ್ಕಳಿ. ಯಜಮಾನ್ರ ತರ ಕೂಗ್ಬ್ಯಾಡಿ.”

ಮೊದಲ ಅಲೆ ಅವಳನ್ನು ತೊಟ್ಟಿಲಂತೆ ತೂಗಿ ಮುಂದೆ ಹೋಯಿತು. ಎರಡನೆಯದು ಮೂಗಿಗೆ ನೀರು ಕುಡಿಸಿತು. ಬೋಟಿನಲ್ಲಿದ್ದ ಪ್ರವಾಸಿಗರು ಉತ್ಸಾಹದಿಂದ ಕೈ ಬೀಸಿದರು. ಉಗ್ರಪ್ಪ ಮತ್ತೊಂದು ಸುತ್ತು ಬಂದು, “ಮುಂದಕ್ ಬಗ್ಗಿ! ಹಾಕಿ, ಹಾಕಿ, ಹಾಕಿ!” ಎಂದು ಕಿರುಚಿದ.

ಹಾಕಿದಳು. ಕಯಾಕಿನ ಹಿಂಭಾಗ ಮೇಲೆದ್ದಿತು, ಮೂತಿ ಇಳಿಜಾರಿಗೆ ಬಗ್ಗಿತು, ತಳದಲ್ಲಿ ನೀರು ಸುರ್ರೆಂದಿತು. ಹುಟ್ಟನ್ನು ಪಕ್ಕಕ್ಕೆ ತಾಗಿಸಿ ಹಿಡಿದಳು, ಅಷ್ಟೆ. ತೋಳಿಗೆ ಕೆಲಸವೇ ಇಲ್ಲ. ಹೊಳೆಯೇ ಹೊತ್ತುಕೊಂಡು ಹೋಗುತ್ತಿತ್ತು! ಒಂದಕ್ಷರವೂ ಸುಳ್ಳಲ್ಲ. ಬಾಯಿ ಮುಚ್ಚಿಕೊಂಡು ಕೂತರೆ ದಡ ಸಿಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಎರಡು ಕೈಯಲ್ಲೂ ಹುಟ್ಟು ಮೇಲೆತ್ತಿದಳು. “ರೀ! ನೋಡ್ರೀ!”

ಬುಳುಕ್.

ತಲೆಯಲ್ಲಿ ಪಾಚಿ ಹೊತ್ತು ಮೇಲೆ ಬಂದಳು. ಬಿಕ್ಕಳಿಕೆ ಬರುವಷ್ಟು ನಕ್ಕಳು. ನಗುತ್ತ ನಗುತ್ತಲೇ ಅಳು ಶುರುವಾಯಿತು. ಜೋರಾಗಿ, ಮಗುವಿನ ಹಾಗೆ. ಉಗ್ರಪ್ಪ ಇಂಜಿನ್ ಆರಿಸಿದ. ಪ್ರವಾಸಿಗರ ಕಡೆ ತಿರುಗಿ, “ಅಲ್ನೋಡಿ ಸಾರ್, ಆ ಕಡೆ, ಕೊಕ್ಕರೆ!” ಎಂದು ಎಲ್ಲಿಗೋ ಕೈ ತೋರಿಸಿದ. ಎಲ್ಲರೂ ಆ ಕಡೆ ನೋಡಿದರು. ಕೊಕ್ಕರೆ ಇರಲಿಲ್ಲ.

ಸಾಕಷ್ಟು ಹೊತ್ತಾದ ಮೇಲೆ ಅವನು ಬೋಟಿನಿಂದ ಬಗ್ಗಿ ಕೈ ಚಾಚಿದ. ನಯನಾ ತನ್ನ ಕೈ ಕೊಡುವ ಮೊದಲು ಹುಟ್ಟನ್ನು ಕೊಟ್ಟಳು.

“ತಗೊಳ್ಳಿ ಉಗ್ರಪ್ಪನವರೇ. ನಮ್ಮನೆಯವರು ಇಸ್ಕೊಂಡಿದ್ದು.”