ಸದ್ದಿನ ಎಂಜಿನ್

ನಮ್ಮ ಮನೆಯವರಿಗೆ ಹೆಂಡತಿಗಿಂತ ಹಲಗೆಯ ಮೇಲೆ ಪ್ರೀತಿ ಜಾಸ್ತಿ ಎಂದು ನಾನು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಸುಳ್ಳೇನಲ್ಲ. ಗೋವೆಯ ಕೊರ್ತಾಲಿಮ್‌ನ ನಮ್ಮ ಒಂದೇ ಖೋಲಿಯಲ್ಲಿ ಅರ್ಧ ಜಾಗ ಆ ಹಲಗೆಯದು. ಯಾರದೋ ಮನೆ ಕೆಡವಿದಾಗ ಸಿಕ್ಕ ಹಳೆಯ ಬಾಗಿಲು ಅದು. ಅದರ ಮೇಲೆ ಎರಡು ಬೆರಳಗಲದ ರೈಲು ಹಳಿ ಸುತ್ತು ಹೊಡೆದಿತ್ತು. ಕಾಗದ ನೆನೆಸಿ ಮಾಡಿದ ಗುಡ್ಡ, ಪಕ್ಕದಲ್ಲಿ ದೂಧಸಾಗರ ಜಲಪಾತವೆಂದು ಬಳಿದ ಬಿಳಿ ಬಣ್ಣ, ಕೆಳಗೆ ಕುಳೆಂ ಸ್ಟೇಷನ್. ಎಲ್ಲ ಇತ್ತು, ಎಂಜಿನ್ ಮಾತ್ರ ಇರಲಿಲ್ಲ.

ಹಳಿಗಳು ಬಂದದ್ದು ಪಣಜಿಯ ಒಂದು ದೊಡ್ಡ ಮನೆಯಿಂದ. ಇವರು ಆಗ ಟೆಂಪೋ ಓಡಿಸುತ್ತಿದ್ದರು. ಆ ಮನೆ ಖಾಲಿ ಮಾಡುವವರು ಕಸಕ್ಕೆ ಹಾಕಿ ಬಾ ಎಂದು ಕೊಟ್ಟ ಪೆಟ್ಟಿಗೆಯಲ್ಲಿ ಹಳಿಗಳೂ ಕರೆಂಟಿನ ಡಬ್ಬಿಯೂ ಇದ್ದವು. ಇವರು ಅದನ್ನು ಸೀದಾ ಮನೆಗೆ ತಂದರು. ಮದುವೆಯಾದ ಹೊಸದರಲ್ಲಿ ನಾವು ಗದಗಿನಿಂದ ಗೋವೆಗೆ ಬಂದದ್ದು ಹಳೆಯ ಸಣ್ಣ ಹಳಿಯ ರೈಲಿನಲ್ಲಿ, ಕಪ್ಪು ಉಗಿ ಎಂಜಿನ್ ಹಿಂದೆ. ಘಾಟದಲ್ಲಿ ಹೆದರಿ ನಾನು ಇವರ ಅಂಗಿ ಹಿಡಿದುಕೊಂಡಿದ್ದೆನಂತೆ. ಆ ಘಾಟವನ್ನೇ ಹಲಗೆಯ ಮೇಲೆ ಕಟ್ಟುತ್ತೇನೆಂದರು. ಕೂಸಾಗಿದ್ದೀರೇನು ಎಂದು ನಾನು ಬೈದೆ.

ಆಮೇಲೆ ಬೈಯುವುದನ್ನು ಬಿಟ್ಟೆ. ಎರಡು ಸಾವಿರದ ಆರರಲ್ಲಿ ಡಾಕ್ಟರು ಇವರ ಕಣ್ಣಿಗೆ ದೀಪ ಹಿಡಿದು ನೋಡಿ, ನರ ಒಣಗುತ್ತಿದೆ, ಹೋದ ದೃಷ್ಟಿ ಮರಳಿ ಬರುವುದಿಲ್ಲ, ಉಳಿದದ್ದೂ ಹೆಚ್ಚು ದಿನ ನಿಲ್ಲುವುದಿಲ್ಲ ಎಂದರು. ಟೆಂಪೋ ಬೇರೆಯವರ ಕೈಗೆ ಹೋಯಿತು. ಇವರು ದಿನವಿಡೀ ಹಲಗೆಯ ಮುಂದೆ ಕೂತು ಕೈಯಿಂದ ಗುಡ್ಡ ಸವರುವರು, ಕಲ್ಲು ಅಂಟಿಸುವರು. ಹೇಗಿದೆ ಕಣ್ಣು ಎಂದರೆ ಒಂದೇ ಉತ್ತರ: "ಇನ್ನೂ ಸ್ವಲ್ಪ ಕಾಣಸ್ತೈತಿ." ನನಗಿದ್ದದ್ದು ಒಂದೇ ಆಸೆ. ಆ ಸ್ವಲ್ಪ ಆರುವ ಮೊದಲು, ಕಟ್ಟಿದ ಹಳಿಯ ಮೇಲೆ ಎಂಜಿನ್ ಓಡುವುದನ್ನು ಇವರು ಕಣ್ಣಾರೆ ನೋಡಬೇಕು.

ಪಣಜಿಯಲ್ಲಿ ಹಳೆಯ ಗಡಿಯಾರ, ಗ್ರಾಮೊಫೋನು ಮಾರುವ, ಟೆಂಪೋ ಕಾಲದಿಂದ ಇವರಿಗೆ ಪರಿಚಯವಿದ್ದ ಮುದುಕನೊಬ್ಬನ ಅಂಗಡಿಯಿದೆ. ಇವರ ಕೈ ಹಿಡಿದು ಬಸ್ಸು ಹತ್ತಿಸಿ ಕರೆದುಕೊಂಡು ಹೋದೆ. ಮುದುಕ ಎರಡು ಎಂಜಿನ್ ಹೊರತೆಗೆದ. ಒಂದು ಕಪ್ಪಗೆ ಮಿರಮಿರ ಮಿಂಚುವ ಉಗಿ ಎಂಜಿನ್, ಕೆಂಪು ಗಾಲಿ, ಹಿತ್ತಾಳೆಯ ಗಂಟೆ. ಥೇಟ್ ನಾವು ಕೂತು ಬಂದದ್ದೇ. ಇನ್ನೊಂದು ಬಣ್ಣ ಉದುರಿದ ಡೀಸೆಲ್. ನೋಡಿದರೆ ತುಕ್ಕು ಹಿಡಿದ ಎಣ್ಣೆ ಡಬ್ಬಿ.

"ಕರೀದು ತಗೋರಿ," ಎಂದೆ. "ತಿಂಗಳಿಂದ ಕರೀ ಎಂಜಿನ್ ಅಂತ ಜಪ ಮಾಡಾಕತ್ತಿದ್ರಲ್ಲ."

"ಕಂಠೆಪ್ಪ, ಓಡಿಸಿ ನೋಡು," ಎಂದು ಮುದುಕ ಇವರಿಗೆ ಮೇಜಿನ ಮೇಲಿನ ಹಳಿ ತೋರಿಸಿದ. ಇವರು ಕಣ್ಣು ಮುಚ್ಚಿ ಮೇಜಿನ ಮೇಲೆ ಅಂಗೈ ಊರಿದರು. ಹಳೆಯ ಟೆಂಪೋ ಕೊಳ್ಳುವಾಗಲೂ ಹಾಗೇ. ಬಾನೆಟ್ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ಎಂಜಿನ್ನಿನ ಹೊಟ್ಟೆಯೊಳಗಿನ ರೋಗವನ್ನೆಲ್ಲ ಹೇಳಿಬಿಡುವರು. ಕಪ್ಪು ಎಂಜಿನ್ ಇರುವೆಯ ಹಾಗೆ ಸದ್ದಿಲ್ಲದೆ ಹೋಗಿ ಬಂತು. ನನಗೆ ಕಣ್ಣು ತುಂಬಿತು. ಇವರು ಮುಖ ಕಿವುಚಿದರು. ಡೀಸೆಲ್ ಮಾತ್ರ ಕಟಕಟ ಎಂದು ಹಲ್ಲು ಕಡಿಯುತ್ತ ಹೊರಟಿತು, ಮೇಜೆಲ್ಲ ನಡುಗಿತು.

"ಇದೇ ಇರ್ಲಿ," ಎಂದರು ಇವರು.

ಬಸ್ಸಿನಲ್ಲಿ ನಾನು ಸಿಟ್ಟಿನಿಂದ ಕುದಿಯುತ್ತಿದ್ದೆ. ಅಷ್ಟು ಚೆಂದದ್ದನ್ನು ಬಿಟ್ಟು ಈ ಡಬ್ಬಿಯನ್ನು ಯಾಕೆ ಕಟ್ಟಿಕೊಂಡಿರಿ ಎಂದು ಜನರ ನಡುವೆಯೇ ಜಗಳ ತೆಗೆದೆ. ಇವರು ಪೊಟ್ಟಣವನ್ನು ತೊಡೆಯ ಮೇಲೆ ಇಟ್ಟುಕೊಂಡು ಮೆಲ್ಲಗೆ ಹೇಳಿದರು: "ಹುಲಿಗಿ, ಮುಂದ ಕತ್ತಲಿ ಆದ ಮ್ಯಾಲ ಕರೀದು ಎಲ್ಲಿ ಐತಿ ಅಂತ ನನಗ ಹೆಂಗ ಗೊತ್ತಾಗಬೇಕು? ಇದಾದ್ರ ಕೇಳಸ್ತೈತಿ."

ಕಿಟಕಿಯ ಕಡೆ ಮುಖ ಮಾಡಿ ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಮುಂದಿನ ದಿನಗಳಿಗೆ ಇವರು ಈಗಲೇ ಸಿದ್ಧರಾಗುತ್ತಿದ್ದಾರೆ, ಇರಲಿ, ಇವತ್ತು ಆ ಡಬ್ಬಿಯನ್ನಾದರೂ ಕಣ್ತುಂಬ ನೋಡಲಿ ಎಂದುಕೊಂಡೆ.

ಮನೆಗೆ ಬಂದವರೇ ಊಟಕ್ಕೂ ಕೂರಲಿಲ್ಲ. ನಾನು ಎಂಜಿನ್ನನ್ನು ಹಳಿಯ ಮೇಲೆ ಕೂರಿಸಿ, ಬಾಗಿಲು ತೆರೆದು ಬೆಳಕು ಬಿಟ್ಟು, ಇವರ ಎದುರಿಗೆ ಕೂತೆ. ಇವರು ಕರೆಂಟಿನ ಡಬ್ಬಿಯ ಗುಂಡಿ ತಿರುಗಿಸಿದರು. ಎಂಜಿನ್ ಹೊರಟಿತು, ಕುಳೆಂ ಸ್ಟೇಷನ್ನಿನ ತಿರುವಿಗೆ ಬಂತು, ಅಲ್ಲಿಯೇ ಸಿಕ್ಕಿಕೊಂಡಿತು. ಪ್ಲಾಟ್‌ಫಾರ್ಮನ್ನು ಇವರು ಹಳಿಗೆ ತೀರಾ ಒತ್ತಿ ಅಂಟಿಸಿದ್ದರು. ಎಂಜಿನ್ನಿನ ಪಕ್ಕೆ ಅದಕ್ಕೆ ಕಚ್ಚಿಕೊಂಡು, ಗಾಲಿಗಳು ನಿಂತಲ್ಲೇ ಗರಗರ ತಿರುಗತೊಡಗಿದವು. ಟೊಳ್ಳು ಹಲಗೆ ಆ ಸದ್ದನ್ನು, ಎಲ್ಲಿಂದ ಬರುತ್ತಿದೆಯೆಂದು ತಿಳಿಯದ ಹಾಗೆ, ಉದ್ದಗಲಕ್ಕೂ ಹರಡಿತು.

"ನೋಡು, ಘಾಟ ಏರಾಕತ್ತೈತಿ," ಎಂದರು.

ಚೇಷ್ಟೆ ಮಾಡುತ್ತಿದ್ದಾರೆಂದುಕೊಂಡೆ. ಮುಖ ನೋಡಿದೆ. ಇವರ ಮುಖ ನಿಧಾನವಾಗಿ ಎಡದಿಂದ ಬಲಕ್ಕೆ ತಿರುಗುತ್ತಿತ್ತು, ಹಳಿ ಹೋದ ಹಾಗೆಯೇ, ಗುಡ್ಡದ ಮೇಲೆ, ಸೇತುವೆಯ ಮೇಲೆ. ಕಣ್ಣು ಅಗಲವಾಗಿ ತೆರೆದಿತ್ತು. ಎಂಜಿನ್ ನನ್ನ ಮೊಣಕೈ ಪಕ್ಕದಲ್ಲಿ ಮಿಸುಕಾಡದೆ ನಿಂತಿತ್ತು.

ಎಂದಿನಿಂದ ಹೀಗೆ? ನಾನು ಹೇಗಿದೆ ಎಂದು ಕೇಳಿದಾಗಲೆಲ್ಲ ನನಗೋಸ್ಕರ ಹೇಳಿದ ಆ "ಸ್ವಲ್ಪ" ಯಾವ ದಿನ ಆರಿತು? ನನ್ನ ಎದೆ ಬಡಿತ ಇವರಿಗೆ ಕೇಳಿಸೀತೆಂದು ಹೆದರಿದೆ. ಹಿಂದೊಮ್ಮೆ ಘಾಟದಲ್ಲಿ ಹೆದರಿದ್ದು ಇದರ ಮುಂದೆ ಏನೂ ಅಲ್ಲ.

ಇವರು ಬೆರಳು ಎತ್ತಿ ಬಿಳಿ ಬಣ್ಣದ ಪಕ್ಕದ ಖಾಲಿ ಹಳಿಯನ್ನು ತೋರಿಸಿದರು. ತುಟಿಯ ಮೇಲೆ ನಗು.

"ದೂಧಸಾಗರ ದಾಟಾಕತ್ತೈತಿ. ಎಷ್ಟ್ ಚಂದ ಕಾಣಸ್ತೈತಿ ಹುಲಿಗಿ. ನಿನಗ ಕಾಣಸ್ತೈತಿಲ್ಲ?"

"ಹೌದ್ರಿ," ಎಂದೆ. "ಕಾಣಸ್ತೈತ್ರಿ."