ಹಾಲಿನವನ ಮಗಳಿಗೆ ಬರೆದ ಕಾಗದ

೧೯೯೯ರಲ್ಲಿ ನಾವು ಡ್ಯಾಲಸ್ ಪಕ್ಕದ ಲೂಯಿಸ್‌ವಿಲ್‌ನ ಅಪಾರ್ಟ್‌ಮೆಂಟೊಂದರಲ್ಲಿದ್ದೆವು. ಕೆಳಗಿನ ಮನೆಯಲ್ಲಿ ವಿಲ್ಮಾ ಅಂತ ಡಚ್ ಹೆಂಗಸು, ವಯಸ್ಸು ಅರವತ್ತೈದು, ಒಬ್ಬರೇ ಇದ್ದರು. ನಮ್ಮನೆ ಸಾರೆಂದರೆ ಅವರಿಗೆ ಪ್ರಾಣ. ಯುದ್ಧಕಾಲದಲ್ಲಿ ಜರ್ಮನ್ನರು ಹಾಲೆಂಡನ್ನು ಹಿಡಿದಿದ್ದಾಗ ಅವರ ಅಪ್ಪ ಅಮ್ಮ ಒಬ್ಬ ಯಹೂದಿ ಹುಡುಗಿಯನ್ನು ಅಟ್ಟದ ಮೇಲೆ ಬಚ್ಚಿಟ್ಟಿದ್ದರಂತೆ. ಅದು ಗೊತ್ತಾದ ಮೇಲೆ ನನ್ನ ಮಗಳು ಸಿಯಾ, ಸ್ಕೂಲ್ ಪ್ರಾಜೆಕ್ಟಿಗೆ ಅವರನ್ನೇ ಇಂಟರ್‌ವ್ಯೂ ಮಾಡಬೇಕೆಂದು ಹಟ ಹಿಡಿದಳು.

ಟೇಪ್ ರೆಕಾರ್ಡರ್ ಮುಂದೆ ಕೂತು ವಿಲ್ಮಾ ಹೇಳಿದರು: ಆ ಹುಡುಗಿ ಎಸ್ತರಳಿಗೆ ಹನ್ನೊಂದು ವರ್ಷ, ತಮಗೆ ಒಂಬತ್ತು. ಹದಿನಾಲ್ಕು ತಿಂಗಳು ಆ ಹುಡುಗಿ ಹಗಲಲ್ಲಿ ಕೆಮ್ಮಲೂ ಇಲ್ಲ. ಅಪ್ಪ ಬಡಗಿ, ಧೈರ್ಯವಂತ.

"ವಾಟ್ ಹ್ಯಾಪನ್ಡ್ ಟು ಹರ್?" ಸಿಯಾ ಕೇಳಿದಳು.

ವಿಲ್ಮಾ ಟೇಪ್ ನಿಲ್ಲಿಸಿದರು. ಸಿಯಾಳನ್ನು ಮೇಲೆ ಕಳಿಸಿ ನನ್ನನ್ನು ಕೂರಿಸಿಕೊಂಡರು.

"ಅಮ್ಮ ಹೊಸ ಸ್ವೆಟರ್ ಅವಳಿಗೆ ಹೆಣೆದುಕೊಟ್ಟಳು, ಇಂದುಮತಿ. ನನಗೆ ಹಳೆಯದೇ. ಹೊಟ್ಟೆ ಉರೀತು. ನಮ್ಮನೇಲಿ ಇನ್ನೊಬ್ಬಳಿದಾಳೆ ಅಂತ ಗೆಳತಿಗೆ ಹೇಳಿಬಿಟ್ಟೆ."

ಎರಡೇ ದಿನಕ್ಕೆ ಬೀದಿಯೆಲ್ಲ ಗುಸುಗುಸು. ಹೆದರಿದ ಅಪ್ಪ ಎಸ್ತರಳನ್ನು ಬೇರೆ ಊರಿನ ರೈತರ ಮನೆಗೆ ಸಾಗಿಸಿದರು. ಮೂರು ವಾರದಲ್ಲಿ ಅಲ್ಲಿ ಸಿಕ್ಕಿಬಿದ್ದಳು. ಮತ್ತೆ ಬರಲಿಲ್ಲ. ಬಾಯಿಬಿಟ್ಟವನು ದಿನಾ ಮನೆಗೆ ಹಾಲು ತರುತ್ತಿದ್ದ ಹೆಂಡ್ರಿಕ್ ಅಂತಲೇ ಅಪ್ಪ ನಂಬಿದರು, ಯುದ್ಧ ಮುಗಿದ ಮೇಲೆ ಊರಿಗೆಲ್ಲ ಹೇಳಿದರು. ಹಾಲು ಕೊಳ್ಳುವವರಿಲ್ಲದೆ ಅವನು ಊರೇ ಬಿಟ್ಟ. ವಿಲ್ಮಾ ತುಟಿ ಬಿಚ್ಚಲಿಲ್ಲ.

"ನೀವಾಗ ಮಗು, ಬಿಡಿ," ಅಂದೆ.

"ಅಪ್ಪ ಸತ್ತಾಗ ನನಗೆ ನಲವತ್ತು. ಆಗಲೂ ಮಗುವೇ?"

ಅಷ್ಟು ಸುಲಭವಾಗಿ ಬಿಡಿ ಅಂದೆನಲ್ಲ ಎಂದು ನನಗೇ ನಾಚಿಕೆಯಾಯಿತು. ಹೆಂಡ್ರಿಕ್ ಕಡೆಯವರು ಯಾರಾದರೂ ಇದ್ದಾರಾ ಎಂದು ಕೇಳಿದೆ. ಒಬ್ಬ ಮಗಳಿದ್ದಾಳೆ ಅಂದರು. "ಹಾಗಾದರೆ ಅವರಿಗೆ ಬರೀರಿ."

ಕಾಗದ ಬರೆಯಲು ನಾಲ್ಕು ದಿನ ಹಿಡಿಯಿತು. ಪೋಸ್ಟ್ ಮಾಡಿದವಳು ನಾನು. ಆರು ವಾರದ ಮೇಲೆ ಉತ್ತರ ಬಂತು. ವಿಲ್ಮಾ ಅದನ್ನು ನನಗೆ ಓದಿ ಹೇಳಿದರು: "ಹುಡುಗಿ ಇರುವುದು ನಮ್ಮಪ್ಪನಿಗೆ ಮೊದಲಿಂದಲೂ ಗೊತ್ತಿತ್ತು. ಅದಕ್ಕೇ ದಿನಾ ಅರ್ಧ ಲೀಟರ್ ಹೆಚ್ಚಿಗೆ ಇಟ್ಟು ಬರುತ್ತಿದ್ದ. ಅದನ್ನು ಕುಡಿದವರು ನೀವು."

ಆ ಮಧ್ಯಾಹ್ನವೇ ಸಿಯಾಳನ್ನು ಕರೆದು, ಟೇಪ್ ಹಾಕಿಸಿ, ಉಳಿದದ್ದನ್ನೆಲ್ಲ ವಿಲ್ಮಾ ತಾವಾಗಿ ಹೇಳಿದರು. ಒಂದು ಬದಿ ಮುಗಿದಾಗ ಸಿಯಾ ಟೇಪ್ ತಿರುಗಿಸಿ ಹಾಕಿದಳು.

ಏಪ್ರಿಲ್‌ನಲ್ಲಿ ವಿಲ್ಮಾ ಹೆಂಡ್ರಿಕ್ ಮಗಳನ್ನು ಕಾಣಲು ಹಾಲೆಂಡಿಗೆ ಹೋದರು. ವಾಪಸ್ ಬಂದ ದಿನ ಡ್ಯಾಲಸ್ ಏರ್‌ಪೋರ್ಟಿನಿಂದ ನಾನೇ ಕರೆತಂದೆ.

"ಏನಂದರು?"

"ಒಳಗೆ ಬಾ ಅನ್ನಲಿಲ್ಲ. ಮೆಟ್ಟಿಲ ಮೇಲೆ ನಿಂತೇ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಬಾಗಿಲು ಹಾಕಿಕೊಂಡಳು." ಆಮೇಲೆ ಅಂದರು, "ಬಾಯಿಬಿಟ್ಟವಳು ನಾನೇ ಅಂತ ನಮ್ಮೂರಿನ ಪತ್ರಿಕೆಗೆ ಬರೆದುಕೊಟ್ಟು ಬಂದೆ. ನನ್ನ ಹೆಸರು ಹಾಕಿ."

ಏನೋ ಸಮಾಧಾನ ಹೇಳಹೊರಟೆ. ವಿಲ್ಮಾ ನನ್ನ ತೋಳು ಮುಟ್ಟಿ, "ಬೇಡ," ಅಂದರು.