ಕಳಿಸಬೇಡಿ ಎಂದ ಕಾಗದ

ಓದುವುದಿಲ್ಲ ಎಂಬುದೇ ನನ್ನ ಹೆಮ್ಮೆಯಾಗಿತ್ತು. ಬಾರ್ಟಿಕಾ ಎಂಬ ನದಿದಂಡೆಯ ಊರಿನ ದೋಣಿಕಟ್ಟೆಯ ಪಕ್ಕದಲ್ಲಿರುವ ನನ್ನ ಅಂಗಡಿಗೆ ಊರೂರಿನ ಹೆಂಗಸರು ಇಮೇಲ್ ಕಳಿಸುತ್ತಾರೆ. ನಾನು ಅಚ್ಚು ಹಾಕಿ, ಲಕೋಟೆಗೆ ತುಂಬಿ, ನದಿಯ ಮೇಲುಗಡೆ ಚಿನ್ನ ಅಗೆಯುವ ಗಂಡಸರಿಗೆ ದೋಣಿಯಲ್ಲಿ ರವಾನಿಸುತ್ತೇನೆ. ಅಲ್ಲಿ ಫೋನು ಇದ್ದೂ ಸತ್ತ ಹಾಗೆ. ಯಂತ್ರದಿಂದ ಹಾಳೆ ಬೋರಲಾಗಿ ಬೀಳುತ್ತದೆ, ಬೆನ್ನು ನೋಡಿಯೇ ಮಡಚುತ್ತೇನೆ. ವಿಳಾಸದ ಸಾಲೊಂದು ಲಕೋಟೆಯ ಕಿಟಕಿಯಲ್ಲಿ ಕಂಡರೆ ಸಾಕು. ಗಂಡ ಹೆಂಡಿರ ನಡುವೆ ಮೂಗು ತೂರಿಸಲು ನಾನ್ಯಾರು?

ಶನಿವಾರ ಮಧ್ಯಾಹ್ನ ಫೋನು ಬಡಿದುಕೊಂಡಿತು. ಕರಾವಳಿಯ ನ್ಯೂ ಆಮ್‌ಸ್ಟರ್‌ಡ್ಯಾಮ್ ಊರಿನ ಓನೀಕಾ. ಅವಳ ಗಂಡ ಟ್ರೆಲನ್ ಎಂಟು ತಿಂಗಳಿಂದ ಗಣಿಯಲ್ಲೇ ಇದ್ದ.

“ಮಿಸ್ ಯೂಲಾ, ಗುರುವಾರದ ಕಾಗದ ತಡೆದ್ರಿ ತಾನೆ?”

“ಯಾಕೆ ತಡೀಬೇಕಿತ್ತು?”

“ಅಯ್ಯೋ ದೇವ್ರೇ! ಕಳಿಸ್ಬೇಡಿ ಅಂತ ನಿನ್ನೆ ನಿಮಗೇ ಬರೆದ್ನಲ್ಲ! ಅದೇ ಮೇಲ್ ತೆಗೆದು, ಅದರ ಮೇಲೇ ಬರೆದೆ!”

ಟ್ರೆಲನ್ ಹೆಸರಿಗೆ ಎರಡು ಲಕೋಟೆ ಅಂಟಿಸಿದ್ದು ನೆನಪಿಗೆ ಬಂತು. ಹಳೆಯ ಮೇಲ್‌ನಲ್ಲೇ ಬರೆದಳಲ್ಲ, ಅದರ ತಲೆಯಲ್ಲಿದ್ದ ಗಂಡನ ವಿಳಾಸವೇ ಮತ್ತೆ ಅಚ್ಚಾಗಿತ್ತು. ಕಳಿಸಬೇಡಿ ಎಂದಿದ್ದನ್ನೂ ಮಡಚಿ ಕಳಿಸಿಬಿಟ್ಟಿದ್ದೆ! ದೋಣಿ ಹೋಗಿ ಎರಡು ಗಂಟೆಯಾಗಿತ್ತು.

“ಅಂಥಾದ್ದೇನು ಬರೆದಿದ್ದೆ ಮಾರಾಯ್ತಿ?”

“ಮಗೂನ ಕರ್ಕೊಂಡು ಗಡಿ ದಾಟಿ ಸುರಿನಾಮ್‌ಗೆ ಹೊರಟೆ, ಹುಡುಕ್ಕೊಂಡು ಬರ್ಬೇಡ ಅಂತ. ಸಿಟ್ಟು ಮಿಸ್, ಬರೀ ಸಿಟ್ಟು. ಅವನೋ ಮಹಾ ಮೊಂಡ. ಬರ್ಬೇಡ ಅಂದ್ರೆ ನಿಜವಾಗ್ಲೂ ಬರಲ್ಲ. ಇನ್ನೂ ಒಳಗಿನ ಕಾಡಿಗೆ ಹೋಗಿ ಸೇರ್ಕೊಂಡ್ರೆ ನಾನೇನು ಮಾಡ್ಲಿ?”

ಗಣಿಯಲ್ಲೊಂದು ಪದ್ಧತಿಯಿದೆ. ವಾರದ ಕಾಗದಗಳನ್ನೆಲ್ಲ ಭಾನುವಾರದ ಮಧ್ಯಾಹ್ನದೂಟಕ್ಕೆ ಕೂತಾಗ ಅಡುಗೆಯ ಬುಧ್ರಾಮ್ ಎಲ್ಲರೆದುರು ಗಟ್ಟಿಯಾಗಿ ಓದುತ್ತಾನೆ. ಅರ್ಧ ಜನಕ್ಕೆ ಅಕ್ಷರ ಬಾರದು. ಅಕ್ಷರ ಬಂದವನು ತನ್ನ ಕಾಗದ ಬಚ್ಚಿಟ್ಟುಕೊಂಡರೆ ಅವನ ಮೇಲೆ ಎಲ್ಲರಿಗೂ ಅನುಮಾನ. ಆ ಊಟಕ್ಕೆ ಮುಂಚೆ ನಾನು ಅಲ್ಲಿರಬೇಕಿತ್ತು.

ಆವತ್ತು ಬೇರೆ ದೋಣಿಯಿಲ್ಲ. ಕೂತಲ್ಲಿ ಕೂರಲಾಗದೆ, ನಿಂತಲ್ಲಿ ನಿಲ್ಲಲಾಗದೆ ಅಂಗಡಿಯ ಚಿಲಕವನ್ನು ನಾಲ್ಕು ಸಲ ಹಾಕಿ ತೆಗೆದೆ. ಭಾನುವಾರ ಬೆಳಗ್ಗೆ ಮೊದಲ ದೋಣಿಯಲ್ಲಿ ಡೀಸೆಲ್ ಪೀಪಾಯಿಗಳ ನಡುವೆ ತೂರಿಕೊಂಡು ಕೂತೆ.

“ಏನ್ ಮಿಸ್ ಯೂಲಾ, ಈ ವಯಸ್ಸಲ್ಲಿ ಚಿನ್ನದ ಆಸೆನಾ?” ಎಂದು ದೋಣಿಯವನು ಹಲ್ಲು ಕಿರಿದ.

“ಬಾಯ್ಮುಚ್ಕೊಂಡು ಓಡಿಸೋ. ಎತ್ತಿನ ಗಾಡಿ ಇದಕ್ಕಿಂತ ವಾಸಿ!”

ಪ್ರತಿ ಬಂಡೆ ಬಂದಾಗಲೂ ಅವನು ವೇಗ ಇಳಿಸುತ್ತಿದ್ದ, ಪ್ರತಿ ಸಲವೂ ನಾನು ಅವನಿಗೆ ಬೈಯುತ್ತಿದ್ದೆ. ನಿಜಕ್ಕೂ ಬೈಯುತ್ತಿದ್ದುದು ನನಗೇ. ಒಂದೇ ಒಂದು ಸಾಲು ಓದಿದ್ದರೆ ಏನು ಗಂಟು ಹೋಗುತ್ತಿತ್ತು?

ನಾನು ಏದುಸಿರು ಬಿಡುತ್ತಾ ಗಣಿ ತಲುಪಿದಾಗ ತಟ್ಟೆಗಳಲ್ಲಿ ತೆಂಗಿನಹಾಲಲ್ಲಿ ಬೇಯಿಸಿದ ಕಾಳು ಬೆರೆತ ಅನ್ನ ಹಾಗೇ ಆರುತ್ತಿತ್ತು. ಯಾರೂ ಮುಟ್ಟಿರಲಿಲ್ಲ. ಬುಧ್ರಾಮ್ ಕನ್ನಡಕ ಕೈಯಲ್ಲಿ ಹಿಡಿದು ನೆಲ ನೋಡುತ್ತಿದ್ದ.

“ಓದಿಬಿಟ್ಯಾ?”

“ಓದ್ಬಿಟ್ಟೆ ಮಿಸ್. ನನ್ನ ನಾಲಿಗೆಗೆ ಬೆಂಕಿ ಬೀಳ.”

ಟ್ರೆಲನ್ ಮೂಲೆಯಲ್ಲಿ ತನ್ನ ಜೋಲಿಮಂಚವನ್ನು ಸುತ್ತಿ ಮೂಟೆಗೆ ತುರುಕಿ ಹಗ್ಗ ಬಿಗಿಯುತ್ತಿದ್ದ. ಓನೀಕಾ ಹೆದರಿದ ಹಾಗೇ ಇನ್ನೂ ಒಳಗಿನ ಕಾಡಿಗೆ ಹೊರಟಿದ್ದ. ಎರಡನೆಯ ಲಕೋಟೆ ಒಡೆಯದೆ ಅವನ ಜೇಬಿನಲ್ಲಿತ್ತು.

“ಅದನ್ನ ತೆಗಿ ಇಲ್ಲಿ,” ಎಂದೆ.

“ಒಂದು ಸಾಕು ಮಿಸ್. ಎರಡನೇ ಏಟು ಯಾಕೆ ತಿನ್ಲಿ?”

“ಅದು ನಿನ್ನದಲ್ಲ ಕಣೋ. ನನಗೆ ಬಂದ ಕಾಗದ. ಕೊಡು!”

ಪೆಚ್ಚಾಗಿ ಕೊಟ್ಟ. ಅಂಗಡಿ ಇಟ್ಟ ಹನ್ನೊಂದು ವರ್ಷದಲ್ಲಿ ಮೊದಲ ಸಲ ನಾನು ಇನ್ನೊಬ್ಬರ ಮಾತನ್ನು ಓದಿದೆ, ಅದೂ ಊರೆಲ್ಲ ಕೇಳುವ ಹಾಗೆ.

“ಮಿಸ್, ನಿನ್ನೆಯ ಕಾಗದ ಕಳಿಸಬೇಡಿ. ಅವನಿಗೆ ನೋವಾಗಲಿ ಅಂತಲೇ ಬರೆದೆ. ನಾನೆಲ್ಲಿಗೆ ಹೋಗಲಿ? ಅವನು ಬಿಟ್ಟುಹೋದ ಅಂಗಿ ಇನ್ನೂ ಒಗೆದಿಲ್ಲ, ಅದನ್ನೇ ಹೊದ್ದು ಮಲಗುತ್ತೇನೆ. ಈ ಮಾತು ಮಾತ್ರ ಅವನಿಗೆ ಹೇಳಬೇಡಿ, ತಲೆ ಮೇಲೆ ಕೂರುತ್ತಾನೆ.”

ಹೇಳಬೇಡಿ ಎಂದ ಕೊನೆಯ ಸಾಲನ್ನೂ ಬಿಡದೆ ಓದಿದೆ. ಯಾರೂ ನಗಲಿಲ್ಲ. ಟ್ರೆಲನ್ ಅಂಗೈಯಲ್ಲಿ ಮುಖ ಒರೆಸಿಕೊಂಡ.

“ನನಗೇ ಬರೆದಿದ್ರೆ ನಂಬ್ತಿರ್ಲಿಲ್ಲ ಮಿಸ್,” ಎಂದ. “ಇದು ನಿಮಗೆ ಬರೆದಿದ್ದು.”

ಕಟ್ಟಿದ್ದ ಮೂಟೆಯನ್ನು ಅವನು ಬಿಚ್ಚಲಿಲ್ಲ. ಹೆಗಲಿಗೇರಿಸಿ, ನನಗಿಂತ ಮುಂದಾಗಿಯೇ ಬಾರ್ಟಿಕಾಗೆ ಹಿಂದಿರುಗುವ ದೋಣಿಯ ಕಡೆ ನಡೆದ.